ತೊಲೆಗೆ ಅಂಟಿಸುವ ಕಾರ್ಬನ್ ಪಟ್ಟಿ

ಹಳೆಯ ಕಟ್ಟಡಗಳ ರಿಪೇರಿಯಲ್ಲಿ ಈಗ ‘ಕಾರ್ಬನ್ ಪಟ್ಟಿ’ಯ ಹೆಸರು ಕೇಳಿಬರುತ್ತದೆ. ಒಂದೆರಡು ಮಿಲಿಮೀಟರು ದಪ್ಪದ ಪಟ್ಟಿಯಿಂದ ಕಾಂಕ್ರೀಟು ತೊಲೆಗೆ ಬಲ ಬರುವುದು ಹೇಗೆ?

ತೊಲೆಯ ಮೇಲೆ ಭಾರ ಬಿದ್ದಾಗ ಅದು ನಡುವೆ ಕೊಂಚ ಬಾಗುತ್ತದೆ. ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಕಾಂಕ್ರೀಟು ಒತ್ತಡವನ್ನು ತಾಳುತ್ತದೆ; ಎಳೆತವನ್ನು ತಾಳುವ ಶಕ್ತಿ ಅದರ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಆದುದರಿಂದಲೇ ಕೆಳಗಡೆ ಉಕ್ಕಿನ ಸರಳು ಹಾಕುತ್ತಾರೆ. ಸರಳು ಸಾಲದಾದಾಗ ಅದೇ ಎಳೆತವನ್ನು ಹಂಚಿಕೊಳ್ಳಲು ಹೊರಗಿನಿಂದ ಅಂಟಿಸುವುದೇ ಈ ಪಟ್ಟಿ. ಕೂದಲಿಗಿಂತ ಸಣ್ಣನೆಯ ಇಂಗಾಲದ ಎಳೆಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂಡಿಸಿ ಇದನ್ನು ಮಾಡುತ್ತಾರೆ. ತೂಕ ಉಕ್ಕಿನ ಐದನೆಯ ಒಂದು ಪಾಲು, ತುಕ್ಕಿನ ಭಯವಿಲ್ಲ.

ಸ್ವಿಟ್ಜರ್ಲೆಂಡಿನ ಲೂಸರ್ನ್ ಬಳಿ ಈಬಾಖ್ ಎಂಬ ಸೇತುವೆಯಿದೆ. ಟ್ರಾಫಿಕ್ ಸಿಗ್ನಲಿಗಾಗಿ ರಂಧ್ರ ಕೊರೆಯುವಾಗ ಅದರೊಳಗಿನ ಬಿಗಿತಂತಿಗಳು ತುಂಡಾದವು. 1991ರಲ್ಲಿ ಇಂಥ ಪಟ್ಟಿಗಳನ್ನು ಅಂಟಿಸಿ ಅದನ್ನು ಬಲಪಡಿಸಿದರು. ಉಕ್ಕಿನ ತಗಡಾಗಿದ್ದರೆ 175 ಕಿಲೋ ಬೇಕಾಗುತ್ತಿತ್ತು. ಪಟ್ಟಿಗಳ ಒಟ್ಟು ತೂಕ 6.2 ಕಿಲೋ ಮಾತ್ರ!

ಆದರೆ ಇಲ್ಲೊಂದು ಮಾತನ್ನು ಮರೆಯಬಾರದು. ಪಟ್ಟಿಗೆ ಭಾರ ತಲುಪುವುದು ಅಂಟಿನ ಮೂಲಕ. ಅಂಟು ಹಿಡಿದಿರುವುದು ಕಾಂಕ್ರೀಟಿನ ಹೊರಪದರವನ್ನು. ಆ ಪದರ ಸಡಿಲವಾಗಿದ್ದರೆ ಪಟ್ಟಿ ಅದರೊಡನೆ ಒಮ್ಮೆಲೇ ಕಿತ್ತುಬರುತ್ತದೆ. ಮುಂಬಯಿ, ಚೆನ್ನೈಗಳಂಥ ಕಡಲ ತೀರದ ಊರುಗಳಲ್ಲಿ ಇದು ಮುಖ್ಯ. ಉಪ್ಪುಗಾಳಿ, ತೇವಗಳಿಂದ ಸರಳು ತುಕ್ಕು ಹಿಡಿದು ಉಬ್ಬುತ್ತದೆ. ಉಬ್ಬಿದ ಸರಳು ಕಾಂಕ್ರೀಟನ್ನು ಒಡೆಯುತ್ತದೆ. ಅದರ ಮೇಲೆ ಪಟ್ಟಿ ಅಂಟಿಸುವುದು ಹುಣ್ಣು ಮಾಗಿಸದೆ ಮೇಲೆ ಬಟ್ಟೆ ಸುತ್ತಿದಂತೆ.

ಕೆಲಸದ ಕ್ರಮ ಹೀಗೆ:

1. ಸಡಿಲವಾದ ಕಾಂಕ್ರೀಟನ್ನು ಒಡೆದು ತೆಗೆಯಬೇಕು.
2. ಸರಳಿನ ತುಕ್ಕನ್ನು ಉಜ್ಜಿ ತೆಗೆದು ರಕ್ಷಣೆಯ ಲೇಪ ಕೊಡಬೇಕು; ತೀರಾ ಸವೆದಿದ್ದರೆ ಹೊಸ ಸರಳು ಸೇರಿಸಬೇಕು.
3. ಗಟ್ಟಿ ಗಾರೆ ತುಂಬಿ, ಅದು ಬಲಿತು ಒಣಗಲು ಬಿಡಬೇಕು.
4. ಮೈಯನ್ನು ಉಜ್ಜಿ ಸಮಮಾಡಿ ಧೂಳು ತೆಗೆಯಬೇಕು.
5. ಬಳಿಕ ಎಪಾಕ್ಸಿ ಹಚ್ಚಿ, ಗಾಳಿ ಉಳಿಯದಂತೆ ಪಟ್ಟಿಯನ್ನು ಒತ್ತಿ ಕೂಡಿಸಬೇಕು.

ಎಪಾಕ್ಸಿ ಬೆಂಕಿಯ ಕಾವಿಗೆ ಬೇಗ ಮೆತ್ತಗಾಗುತ್ತದೆ. ಆದಕಾರಣ ಪಟ್ಟಿ ಕಳಚಿದರೂ ದಿನನಿತ್ಯದ ಭಾರವನ್ನು ಹೊರುವಷ್ಟು ಬಲ ತೊಲೆಯಲ್ಲೇ ಉಳಿದಿರಬೇಕು.

ನಿಮ್ಮ ಸೊಸೈಟಿಯ ಸಭೆಯಲ್ಲಿ ಇಂಥ ರಿಪೇರಿಯ ಪ್ರಸ್ತಾಪ ಬಂದರೆ ವಂತಿಗೆ ಕೊಡುವ ಮುನ್ನ ಇಂಜಿನಿಯರರನ್ನು ಮೂರು ಪ್ರಶ್ನೆ ಕೇಳಿರಿ: ಒಳಗಿನ ತುಕ್ಕು ನಿಂತಿದೆಯೇ? ಹೊರಪದರದ ಹಿಡಿತವನ್ನು ಪರೀಕ್ಷಿಸಿದ್ದೀರಾ? ಪಟ್ಟಿಯಿಲ್ಲದೆ ತೊಲೆ ಎಷ್ಟು ಭಾರ ಹೊರುತ್ತದೆ? ಉತ್ತರವನ್ನು ಬರಹದಲ್ಲೇ ಪಡೆಯಿರಿ.