ತವರಿನ ತ್ರಿಪದಿ: ಅಗಲಿಕೆಯೂ ಹರಕೆಯೂ

ಕನ್ನಡದ ಹಳೆಯ ಜನಪದ ಗೀತಗಳಲ್ಲಿ ಬೀಸುವ ಪದಗಳಷ್ಟು ಮನೆಮನೆಯನ್ನು ತುಂಬಿದವು ವಿರಳ. ನಸುಕಿನಲ್ಲೆದ್ದು ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು ಮೊದಲು ಶಿವನನ್ನು ನೆನೆದು, ಬಳಿಕ ತಪ್ಪದೆ ನೆನೆಯುತ್ತಿದ್ದುದು ತವರನ್ನು. ವಿಜಯಪುರ ಜಿಲ್ಲೆಯ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಇಂತಹ ಹಾಡುಗಳನ್ನು ಸಂಗ್ರಹಿಸಿ, 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಪ್ರಕಟಿಸಿದುದು ನಾಡು ಮರೆಯಲಾಗದ ಉಪಕಾರ. ತವರಿನ ಈ ಹಾಡು ಮನೆ ಬಿಟ್ಟವರ ಮನಸ್ಸನ್ನು ಇಂದಿಗೂ ಕಲಕುವುದೇಕೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ‘ತವರು’ ಎಂಬ ಶಬ್ದವನ್ನೇ ನೋಡೋಣ. ಹುಟ್ಟಿದ ಮನೆಯಲ್ಲಿಯೇ ಇರುವವರೆಗೆ ಯಾರಿಗೂ ತವರೆಂಬುದಿಲ್ಲ. ಹೊಸಿಲು ದಾಟಿದ ಮೇಲೆಯೇ ಮನೆಯು ತವರಾಗುತ್ತದೆ. ಅಗಲಿಕೆಯ ಭಾವವು ಈ ಶಬ್ದದ ಅರ್ಥದಲ್ಲಿಯೇ ಅಡಗಿದೆ. ಈ ಹಾಡುಗಳನ್ನು ಕಟ್ಟಿದವರು ಎಷ್ಟು ಎಳೆಯ ವಯಸ್ಸಿನಲ್ಲಿ ಮನೆ ಬಿಟ್ಟವರೆಂಬುದನ್ನೂ ಮರೆಯಬಾರದು. ಹೆಣ್ಣಿನ ಮದುವೆಗೆ ಹದಿನಾಲ್ಕು ವರ್ಷಗಳಾದರೂ ತುಂಬಿರಬೇಕೆಂಬ ಕಾನೂನು ಬಂದುದೇ 1929ರಲ್ಲಿ. ಅದಕ್ಕೆ ಹಿಂದೆ ಆಟದ ವಯಸ್ಸಿನಲ್ಲಿಯೇ ಉಡಿ ತುಂಬಿಸಿಕೊಂಡು ಗಂಡನ ಮನೆಗೆ ಹೋದವರು ಅಸಂಖ್ಯರು.

ಇನ್ನು ಛಂದಸ್ಸಿನ ವಿಚಾರ. ತ್ರಿಪದಿಯು ಅಂಶಗಣದ ಅಚ್ಚಗನ್ನಡ ಮಟ್ಟು. ಸುಮಾರು ಕ್ರಿ.ಶ. 700ರ ಕಾಲದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಅದು ಕಾಣಿಸಿಕೊಳ್ಳುತ್ತದೆ. ಮೊದಲಿನ ಎರಡು ಪಾದಗಳಲ್ಲಿ ನಾಲ್ಕು ನಾಲ್ಕು ಗಣಗಳು, ಮೂರನೆಯದರಲ್ಲಿ ಮೂರು, ಒಟ್ಟು ಹನ್ನೊಂದು. ಆರನೆಯ ಮತ್ತು ಹತ್ತನೆಯ ಸ್ಥಾನಗಳಲ್ಲಿ ಬ್ರಹ್ಮಗಣ, ಉಳಿದೆಡೆಗಳಲ್ಲಿ ವಿಷ್ಣುಗಣ ಬರುವುದು ಲಕ್ಷಣ. ಹಾಡುವಾಗ ಎರಡನೆಯ ಪಾದವನ್ನು ಮರಳಿ ಹಾಡುವುದು ರೂಢಿ. ಕಲ್ಲು ಸುತ್ತಿ ಮತ್ತೆ ಅಲ್ಲಿಗೇ ಬರುವಂತೆ ಮಾತೂ ಮತ್ತೆ ಅಲ್ಲಿಗೇ ಬರುತ್ತದೆ. ಮೂರನೆಯ ಪಾದವಾದರೋ ಒಂದು ಗಣ ಕಡಿಮೆಯಾಗಿ ಮೊಟಕಾಗುತ್ತದೆ. ಹೇಳಬೇಕಾದುದು ಇನ್ನೂ ಉಂಟು, ಕೊರಳು ತಡೆಯಿತು ಎಂಬಂತಹ ಅನುಭವ ಕೇಳುವವರಿಗಾಗುತ್ತದೆ. ನೆನಪಿನ ನಡೆಯೂ ಇಂತಹುದೇ ಅಲ್ಲವೆ?

ವಸ್ತುವನ್ನು ನೋಡಿದರೆ ಒಂದು ವಿಶೇಷ ಗೋಚರಿಸುತ್ತದೆ. ಮನೆ ಬಿಟ್ಟ ದಿನದ ವರ್ಣನೆಗಿಂತ ಬಿಟ್ಟುಬಂದ ಮನೆಯ ವರ್ಣನೆಯೇ ಈ ಪದಗಳಲ್ಲಿ ಹೆಚ್ಚು. ತವರಿನ ದಾರಿ, ಹಡೆದವ್ವ, ಪಂಚಮಿಗೆ ಕರೆಯಲು ಬರುವ ಅಣ್ಣ, ಇವೇ ಮತ್ತೆ ಮತ್ತೆ ಬರುವ ಚಿತ್ರಗಳು. ಅತ್ತೆಯ ಮನೆಯಲ್ಲಿ ಕುಳಿತು ಅತ್ತೆಯ ಮನೆಯ ಕಷ್ಟವನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ತವರನ್ನು ಹೊಗಳುವುದೇ ಅಳುವುದಕ್ಕಿದ್ದ ದಾರಿಯಾಯಿತು. ಆದರೆ ಆಕೆ ಅಷ್ಟಕ್ಕೇ ನಿಲ್ಲುವುದಿಲ್ಲ. ತನಗಿನ್ನು ಪಾಲಿಲ್ಲದ ಆ ಮನೆಯು ತಣ್ಣಗಿರಲಿ, ತಮ್ಮಂದಿರ ಬಾಳು ಹಬ್ಬಲಿ ಎಂದು ಹರಸುತ್ತಾಳೆ. ಎದುರಿಗೆ ಕುಳಿತು ಅದೇ ಗೂಟಕ್ಕೆ ಕೈಹಚ್ಚಿದ ಅತ್ತೆಯೂ ಒಂದು ಕಾಲಕ್ಕೆ ಹೀಗೆಯೇ ಬಂದವಳು. ಹಾಡು ಇಬ್ಬರದೂ ಆಗುತ್ತಿತ್ತು. ನೋವು ಹರಕೆಯಾಗಿ ಮಾರ್ಪಡುವ ಈ ಹದವೇ ತವರಿನ ಪದಗಳ ಜೀವಾಳ.

ಇದೇ ತ್ರಿಪದಿಯಲ್ಲಿ ಅಕ್ಕಮಹಾದೇವಿಯ ‘ಯೋಗಾಂಗ ತ್ರಿವಿಧಿ’ಯೂ ಇದೆ. ಉಡುತಡಿಯನ್ನು ತೊರೆದು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದ ಶರಣೆಗೂ, ತವರನ್ನು ನೆನೆದು ಹಿಟ್ಟು ಬೀಸಿದ ಗರತಿಗೂ ಒಂದೇ ಮಟ್ಟು ಒದಗಿತೆಂಬುದು ಸಣ್ಣ ಮಾತಲ್ಲ. ಒಬ್ಬಳದು ಅರಸಿ ಹೊರಟ ಹಾದಿ, ಇನ್ನೊಬ್ಬಳದು ಕಳುಹಿಸಿಕೊಟ್ಟ ಹಾದಿ. ಹೊಸಿಲು ದಾಟಿದ ಹೆಜ್ಜೆ ಮಾತ್ರ ಇಬ್ಬರದೂ ಒಂದೇ.

ಇಲ್ಲಿ ನಮ್ಮ ವಿದ್ಯಾಲಯಗಳಿಗೆ ಸಂಬಂಧಿಸಿದ ಮಾತೊಂದಿದೆ. ಮಠಗಳ ಉಚಿತ ಪ್ರಸಾದ ನಿಲಯಗಳಿಗೆ ಹತ್ತು ಹನ್ನೆರಡರ ವಯಸ್ಸಿನಲ್ಲಿಯೇ ಬಂದು ಸೇರಿದ ಹುಡುಗರೆಷ್ಟೋ! ತುಮಕೂರಿನ ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಸ್ವಾಮಿಗಳವರ (1907–2019) ಆಶ್ರಯದಲ್ಲಿ ಬೆಳೆದವರೇ ಸಹಸ್ರಾರು. ಕೈಯಲ್ಲೊಂದು ಟ್ರಂಕು, ಹೆಗಲ ಮೇಲೆ ಹಾಸಿಗೆ, ಅವ್ವ ಕಟ್ಟಿಕೊಟ್ಟ ಬುತ್ತಿ. ಬುತ್ತಿ ತೀರಿದ ದಿನವೇ ಮನೆ ದೂರವಾಗುತ್ತಿತ್ತು. ಹೆಣ್ಣುಮಗಳಿಗಾದರೆ ‘ತವರು’ ಎಂಬ ಶಬ್ದವಿತ್ತು, ಹಾಡಿತ್ತು. ಹುಡುಗನಿಗೆ ಅಂತಹ ಶಬ್ದವೂ ಇಲ್ಲ, ಹಾಡೂ ಇಲ್ಲ. ಗಂಡುಮಕ್ಕಳು ಅಳಬಾರದೆಂಬ ಕಟ್ಟಳೆ ಬೇರೆ. ಹಿರಿಯರಾದ ಮೇಲೆ ಎಲ್ಲಿಯೋ ಒಂದು ಬೀಸುವ ಪದ ಕಿವಿಗೆ ಬಿದ್ದಾಗ ಅವರ ಕಣ್ಣು ತೇವಗೊಂಡರೆ ಆಶ್ಚರ್ಯವಿಲ್ಲ. ಅವ್ವನು ತನ್ನ ತವರಿಗಾಗಿ ಹಾಡಿದ ಪದದಲ್ಲಿ ಅವರು ತಮ್ಮ ಮನೆಯನ್ನು ಕಾಣುತ್ತಾರೆ. ಓದಿದ ಶಾಲೆಯನ್ನೂ ಉಂಡ ಪಂಕ್ತಿಯನ್ನೂ ಮರೆಯದೆ ದಾಸೋಹಕ್ಕೆ ನೆರವು ಕಳುಹಿಸುವವರು ಮಾಡುವುದಾದರೂ ಏನು? ದೂರದಿಂದಲೇ ತವರನ್ನು ಹರಸುವುದು.

ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತು. ಹೆಣ್ಣುಮಕ್ಕಳ ಬೆನ್ನಿಗೆ ಬಿಡುವು ದೊರೆತುದು ಸಂತೋಷದ ಸಂಗತಿಯೇ. ಆದರೆ ಕಲ್ಲಿನೊಡನೆ ಕೊರಳೂ ಸುಮ್ಮನಾಯಿತು. ಈಗ ಪರವೂರಿನಲ್ಲಿರುವ ಮಗಳು ದಿನವೂ ಮೊಬೈಲಿನಲ್ಲಿ ತಾಯಿಯ ದನಿ ಕೇಳುತ್ತಾಳೆ. ದನಿ ಕೇಳಿದ ಮಾತ್ರಕ್ಕೆ ಅಗಲಿಕೆ ಇಲ್ಲವಾಗುವುದಿಲ್ಲ. ಅದನ್ನು ಹರಕೆಯಾಗಿ ಮಾರ್ಪಡಿಸುವ ಮಾತು ಮಾತ್ರ ನಮ್ಮಲ್ಲಿ ಕಡಿಮೆಯಾಗುತ್ತಿದೆ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿನಂತಿ. ತ್ರಿಪದಿಯ ಗಣ ಎಣಿಸಿಸುವುದರೊಡನೆ ಪಾಠವನ್ನು ಮುಗಿಸಬೇಡಿರಿ. ರಜೆಗೆ ಊರಿಗೆ ಹೋಗುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಅಜ್ಜಿಯ ಬಳಿ ಕುಳಿತು ಒಂದಾದರೂ ಪದವನ್ನು ಕೇಳಿ, ಆಕೆಯ ಆಡುನುಡಿಯಲ್ಲಿಯೇ ತಿದ್ದದೆ ಬರೆದು ತರಲಿ. ನಿಲಯಕ್ಕೆ ಹೊಸದಾಗಿ ಬಂದ ಮಗುವಿನ ಮುಂದೆ ಅದನ್ನು ತರಗತಿಯಲ್ಲಿ ಹಾಡಿಸಿರಿ. ಮನೆ ಬಿಟ್ಟವನು ತಾನೊಬ್ಬನೇ ಅಲ್ಲವೆಂಬ ಧೈರ್ಯ ಆ ಎಳೆಯ ಜೀವಕ್ಕೆ ಮೊದಲು ಬರಲಿ. ಛಂದಸ್ಸು ಆಮೇಲೆ ತಾನಾಗಿಯೇ ಬರುತ್ತದೆ.