ಘಟಕಕ್ಕಿಂತ ಮೊದಲು ಟ್ಯಾಂಕರ್ ಸರಿಹೋಗಲಿ

ಹಳ್ಳಿಗಳ ಮಲತ್ಯಾಜ್ಯ ಸಂಸ್ಕರಣಾ ಘಟಕವನ್ನು ಆಧುನಿಕಗೊಳಿಸಬೇಕು ಎಂದೊಡನೆ ಮಾತು ಪಂಪು, ಬ್ಲೋಯರ್, ಸೆನ್ಸರ್‌ಗಳತ್ತ ಹೊರಳುತ್ತದೆ. ಈ ವಿಷಯದ ಒಡನಾಟದಿಂದ ನಾನು ಕಲಿತದ್ದು ಬೇರೆ. ಸುಧಾರಣೆ ಶುರುವಾಗಬೇಕಾದದ್ದು ಮನೆಯ ಹಿತ್ತಲಲ್ಲಿ, ಗುಂಡಿ ಖಾಲಿ ಮಾಡುವ ವ್ಯವಸ್ಥೆಯಿಂದ. ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. ಆದರೆ ತುಂಬಿ ಉಕ್ಕುವ ತನಕ ಟ್ಯಾಂಕರಿಗೆ ಫೋನ್ ಮಾಡುವವರು ವಿರಳ. ಹಾಗಾಗಿ ಘಟಕಕ್ಕೆ ಒಂದು ವಾರ ಕೆಸರೇ ಬರುವುದಿಲ್ಲ, ಮಳೆ ಹಿಡಿದಾಗ ಒಮ್ಮೆಲೇ ಸಾಲುಗಟ್ಟಿ ಬರುತ್ತದೆ. ಸರದಿಯ ಪ್ರಕಾರ ಮನೆಮನೆಗೆ ಟ್ಯಾಂಕರ್ ಹೋಗುವಂತೆ ಪಂಚಾಯಿತಿ ಏರ್ಪಾಡು ಮಾಡಿ, ಅದರ ಖರ್ಚನ್ನು ವಾರ್ಷಿಕ ಶುಲ್ಕದಲ್ಲಿ ಸೇರಿಸಿದರೆ ಈ ಏರುಪೇರು ತಗ್ಗುತ್ತದೆ. ಗುಂಡಿಗೆ ಮನುಷ್ಯರನ್ನು ಇಳಿಸುವ ಸಂದರ್ಭವೂ ಬರಬಾರದು. ರಕ್ಷಣೆಯಿಲ್ಲದೆ ಹಾಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ.

ಯಂತ್ರವಿಲ್ಲದೆ ಆಧುನಿಕತೆ ಹೇಗೆ ಎನ್ನುವವರಿಗೆ ದೇವನಹಳ್ಳಿಯೇ ಉತ್ತರ. ಸಿಡಿಡಿ ಸೊಸೈಟಿ ಎಂಬ ಸಂಸ್ಥೆ ವಿನ್ಯಾಸಗೊಳಿಸಿದ, 2015ರಲ್ಲಿ ಅಲ್ಲಿ ಶುರುವಾದ ಘಟಕದ ಸಾಮರ್ಥ್ಯ ದಿನಕ್ಕೆ 6 ಸಾವಿರ ಲೀಟರ್, ಅಂದರೆ ಟ್ಯಾಂಕರಿನ ಒಂದೆರಡು ಲೋಡು. ಕೆಸರು ಇಳಿಜಾರಿನಲ್ಲೇ ಹರಿದು ಜೀರ್ಣತೊಟ್ಟಿ ದಾಟಿ, ಜಲ್ಲಿ ಮತ್ತು ಮರಳಿನ ಹಾಸಿನ ಮೇಲೆ ಒಣಗುತ್ತದೆ. ಬಸಿದ ನೀರು ಗಿಡ ನೆಟ್ಟ ಜಲ್ಲಿಯ ಮೂಲಕ ಸೋಸಿಕೊಳ್ಳುತ್ತದೆ. ವರ್ಷಗಟ್ಟಲೆ ಟ್ಯಾಂಕಿನಲ್ಲಿ ಕೂತ ಕೆಸರು ಅಲ್ಲೇ ಸಾಕಷ್ಟು ಜೀರ್ಣವಾಗಿರುವುದರಿಂದ ಅದಕ್ಕೆ ಗಾಳಿ ಊದಿ ಸಿಗುವ ಪ್ರಯೋಜನ ಅಷ್ಟಕ್ಕಷ್ಟೆ. ಅದಲ್ಲದೆ ಗಂಟೆಗಟ್ಟಲೆ ಕರೆಂಟ್ ಹೋಗುವ ಊರಿನಲ್ಲಿ ಬ್ಲೋಯರ್ ನಂಬಿದ ಘಟಕ ಪದೇ ಪದೇ ಹದ ತಪ್ಪುತ್ತದೆ. ಒಣಗಿಸುವ ಹಾಸುಗಳಿಗೆ ಜಾಗ ಹೆಚ್ಚು ಬೇಕು ನಿಜ, ಆದರೆ ಹಳ್ಳಿಯಲ್ಲಿ ಕರೆಂಟ್ ಬಿಲ್ಲಿಗಿಂತ ಜಾಗ ಹೊಂದಿಸುವುದೇ ಹಲವು ಕಡೆ ಸುಲಭ. ಕರಾವಳಿ, ಮಲೆನಾಡಿನ ಮಳೆಯಲ್ಲಿ ಒಣಗುವುದು ಹೇಗೆ ಎಂಬ ಆಕ್ಷೇಪಕ್ಕೆ ಮಾತ್ರ ನಾನು ಪೂರ್ತಿ ತಲೆಬಾಗುತ್ತೇನೆ. ಅಲ್ಲಿ ಬೆಳಕು ಬಿಡುವ ಶೀಟಿನ ಮಾಡು, ಬದಿಗಳಲ್ಲಿ ಗಾಳಿಯಾಡಲು ಜಾಗ, ಹೆಚ್ಚುವರಿ ಹಾಸುಗಳು ಬೇಕೇ ಬೇಕು. ಅವುಗಳ ಖರ್ಚನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ಸೇರಿಸಬೇಕು.

ಇನ್ನೊಂದು ವಾದ ರೈತರದು: ತೆಂಗು, ಬಾಳೆ ತೋಟಗಳಿಗೆ ಹಸಿ ಕೆಸರು ಸುರಿಸಿಕೊಂಡು ಒಳ್ಳೆ ಫಸಲು ಕಂಡವರಿದ್ದಾರೆ, ಘಟಕ ಯಾಕೆ? ಕೆಸರಿನ ಸಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲವು, ಬರಿಗೈಯಲ್ಲಿ ಕಳೆ ಕೀಳುವ ಕೂಲಿಯವರೇ ಅವುಗಳ ಮೊದಲ ಬಲಿ. ಒಣಗಿದ ಕೆಸರನ್ನು ಹಸಿಕಸದ ಜೊತೆ ರಾಶಿ ಹಾಕಿದರೆ ಒಳಗಿನ ಶಾಖ 55 ಡಿಗ್ರಿ ದಾಟುತ್ತದೆ. ಆ ಶಾಖ ಕೆಲವು ದಿನ ನಿಂತರೆ ಮೊಟ್ಟೆಗಳು ಸಾಯುತ್ತವೆ. ರಾಶಿಯನ್ನು ಮಗುಚಿ ಹೊರಭಾಗವನ್ನೂ ಒಳಕ್ಕೆ ತರಬೇಕು. ಹೀಗಾಗಿ ಹೊಸ ಯಂತ್ರ ಕೊಳ್ಳುವ ಮೊದಲು ಒಂದು ಥರ್ಮಾಮೀಟರ್, ಒಂದು ದಾಖಲೆ ಪುಸ್ತಕ, ತಿಂಗಳು ತಪ್ಪದ ಸಂಬಳ ಪಡೆಯುವ ಇಬ್ಬರು ತರಬೇತಾದ ಕೆಲಸಗಾರರನ್ನು ಘಟಕಕ್ಕೆ ಕೊಡಿ ಎಂದು ಪಂಚಾಯಿತಿ ಸದಸ್ಯರಲ್ಲಿ ಕೇಳಿಕೊಳ್ಳುತ್ತೇನೆ.