ಜೀನ್ ವರದಿಯಲ್ಲಿ ಒಂದೇ ದೋಷಕ್ಕೆ ಎರಡು ಹೆಸರು



ಥಲಸ್ಸೇಮಿಯಾ ಇರುವ ಮಗುವಿನ ತಂದೆ-ತಾಯಿ ಜೀನ್ ಪರೀಕ್ಷೆ ಮಾಡಿಸಿದಾಗ, ಒಬ್ಬರ ವರದಿಯಲ್ಲಿ 'ಐವಿಎಸ್ 1-5 ಜಿ>ಸಿ' ಎಂದೂ ಮತ್ತೊಬ್ಬರದರಲ್ಲಿ 'ಸಿ.92+5ಜಿ>ಸಿ' ಎಂದೂ ಇರಬಹುದು. ಗಾಬರಿಯಾಗಬೇಡಿರಿ. ಎರಡೂ ಒಂದೇ ದೋಷದ ಹೆಸರುಗಳು. ಭಾರತದ ಬೀಟಾ ಥಲಸ್ಸೇಮಿಯಾ ರೋಗಿಗಳಲ್ಲಿ ಅತಿ ಹೆಚ್ಚಾಗಿ ಕಾಣುವ ದೋಷ ಇದೇ.

ಎರಡು ಹೆಸರು ಏಕೆ?

ಒಂದೇ ಮನೆಗೆ ಹಳೆಯ ನಂಬರು, ಹೊಸ ನಂಬರು ಇರುವುದಿಲ್ಲವೇ? ಇದೂ ಹಾಗೆಯೇ. ಜೀನ್ ಎಂದರೆ ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳ ಉದ್ದನೆಯ ಸಾಲು. ಪ್ರೋಟೀನು ತಯಾರಿಸಲು ಅದರ ಕೆಲವು ಭಾಗಗಳು ಬೇಕು. ನಡುವಿನ ಕೆಲವನ್ನು ದೇಹ ಬಿಟ್ಟುಬಿಡುತ್ತದೆ.

ಹಳೆಯ ಹೆಸರಿನ ಅರ್ಥ: ಬಿಟ್ಟುಬಿಡುವ ಮೊದಲನೇ ಭಾಗದ 5ನೇ ಅಕ್ಷರ.

ಹೊಸ ಹೆಸರಿನ ಅರ್ಥ: ಬೇಕಾದ ಭಾಗದ 92ನೇ ಅಕ್ಷರ ದಾಟಿ ಮುಂದಿನ 5ನೇ ಅಕ್ಷರ.

ಜಾಗ ಒಂದೇ. ಅಲ್ಲಿ 'ಜಿ' ಇರಬೇಕಿತ್ತು, 'ಸಿ' ಬಂದಿದೆ. ಎಲ್ಲ ಲ್ಯಾಬುಗಳೂ ಒಂದೇ ರೀತಿ ಬರೆಯಲೆಂದು ಅಂತರರಾಷ್ಟ್ರೀಯ ನಿಯಮವಿದೆ. ಹೊಸ ಹೆಸರು ಅದರಂತೆ ಬಂದದ್ದು.

ಸಿಕಲ್ ಸೆಲ್ ರೋಗದ ದೋಷಕ್ಕೂ ಹಳೆಯ ಲೆಕ್ಕದಲ್ಲಿ 6, ಹೊಸ ಲೆಕ್ಕದಲ್ಲಿ 7 ಎಂದು ಬರೆಯುತ್ತಾರೆ. ಹೊಸ ಲೆಕ್ಕವು ಪ್ರೋಟೀನಿನ ಮೊಟ್ಟಮೊದಲ ಘಟಕವನ್ನೂ ಎಣಿಸುವುದೇ ಕಾರಣ. ರೋಗ ಬದಲಾಗಿಲ್ಲ.

ನೀವು ಮಾಡಬೇಕಾದದ್ದು

1. ಹಳೆಯ ವರದಿಗಳನ್ನು ಎಸೆಯಬೇಡಿರಿ. ಗಂಡ-ಹೆಂಡತಿ ಇಬ್ಬರ ವರದಿಗಳನ್ನೂ ಒಟ್ಟಿಗೆ ತನ್ನಿರಿ.

2. ದೋಷದ ಹೆಸರನ್ನು ಚೀಟಿಯಲ್ಲಿ ಬರೆದು ತರಬೇಡಿರಿ, ಜೆರಾಕ್ಸ್ ತನ್ನಿರಿ. ಒಂದು '+' ಗುರುತು ಬಿಟ್ಟುಹೋದರೂ ಜಾಗವೇ ಬದಲಾಗುತ್ತದೆ.

3. "ಇಬ್ಬರ ಹೆಸರು ಬೇರೆ, ಹಾಗಾಗಿ ಭಯವಿಲ್ಲ" ಎಂದು ನೀವೇ ತೀರ್ಮಾನಿಸಬೇಡಿರಿ. ದೋಷಗಳು ನಿಜವಾಗಿ ಬೇರೆಯಾಗಿದ್ದರೂ, ಇಬ್ಬರೂ ಬೀಟಾ ಥಲಸ್ಸೇಮಿಯಾ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ರೋಗ ಬರುವ ಸಂಭವ 100ಕ್ಕೆ 25.

4. ಮುಟ್ಟು ನಿಂತ ಕೂಡಲೇ ವರದಿಗಳೊಂದಿಗೆ ವೈದ್ಯರನ್ನು ಕಾಣಿರಿ. ಗರ್ಭದ ಮಗುವಿನ ಪರೀಕ್ಷೆಯನ್ನು ಸಾಮಾನ್ಯವಾಗಿ 11ರಿಂದ 14 ವಾರಗಳೊಳಗೆ ಮಾಡುತ್ತಾರೆ. ತಂದೆ-ತಾಯಿಯ ದೋಷ ಯಾವುದೆಂದು ಮೊದಲೇ ಖಚಿತವಾಗಿ ತಿಳಿದಿರಬೇಕು.

5. ಅಣ್ಣ-ತಮ್ಮ, ಅಕ್ಕ-ತಂಗಿಯರೂ ರಕ್ತಪರೀಕ್ಷೆ ಮಾಡಿಸಲಿ. ಸೋದರಿಕೆಯಲ್ಲಿ ಮದುವೆ ಗೊತ್ತುಮಾಡುವ ಮುನ್ನ ಇದು ಬಹಳ ಮುಖ್ಯ.

ಮಗುವಿಗೆ ಈ ರೋಗ ಬರುವುದು ತಂದೆಯಿಂದ ಒಂದು, ತಾಯಿಯಿಂದ ಒಂದು ದೋಷ ಸೇರಿದಾಗ. ಆದ್ದರಿಂದ ಸೊಸೆಯೊಬ್ಬಳನ್ನೇ ದೂರುವುದು ಸರಿಯಲ್ಲ. ವಾಹಕರಾಗಿರುವುದು ಯಾರ ತಪ್ಪೂ ಅಲ್ಲ. ವರದಿ ಅರ್ಥವಾಗದಿದ್ದರೆ ಸಂಕೋಚಪಡದೆ ದಾದಿಯರನ್ನು ಕೇಳಿರಿ. ತಿಳಿಸಿ ಹೇಳುವುದೂ ನಮ್ಮ ಕಾಯಕವೇ.